ಲಿಪಿಕಾರನ ಹೆಸರು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರೆಡೆಗಳಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿ ಒಂದು ವಿಶೇಷವುಂಟು. ಚಕ್ರವರ್ತಿಯ ಸ್ವಂತ ಹೆಸರು ಅವುಗಳಲ್ಲಿ ಇಲ್ಲ. ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇದೆ. ಆ ಬಿರುದು ಅಶೋಕನದೇ ಎಂಬುದು ನಿಸ್ಸಂದೇಹವಾಗಿ ತೀರ್ಮಾನವಾಗಲು ೧೯೧೫ರಲ್ಲಿ ಮಸ್ಕಿಯ ಶಾಸನ ದೊರೆಯಬೇಕಾಯಿತು. ಆದರೆ ಶಾಸನವನ್ನು ಬರೆದ ಚಪಡನೆಂಬವನ ಹೆಸರು ಕೊನೆಯಲ್ಲಿ ಸ್ಪಷ್ಟವಾಗಿ ಇರುವುದು. ಶಾಸನದ ಲಿಪಿ ಬ್ರಾಹ್ಮಿ. ‘ಲಿಪಿಕಾರ’ ಎಂಬ ತನ್ನ ವೃತ್ತಿಸೂಚಕ ಪದವನ್ನು ಮಾತ್ರ ಆತನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿರುವನು. ಖರೋಷ್ಠಿಯು ವಾಯವ್ಯ ಸೀಮೆಯ ಲಿಪಿ. ಮೊಳಕಾಲ್ಮೂರಿನ ಬಂಡೆಯ ಮುಂದೆ ನಿಂತು ಅದನ್ನು ಓದಬಲ್ಲವರು ಅಂದು ಎಷ್ಟು ಮಂದಿ ಇದ್ದಿರಬಹುದು? ಒಡೆಯನ ಮಾತಿನ ಅಂಚಿನಲ್ಲಿ, ಸುಲಭವಾಗಿ ಕಣ್ಣಿಗೆ ಬೀಳದ ರೀತಿಯಲ್ಲಿ, ಕೆಲಸಗಾರನು ತನ್ನ ಗುರುತನ್ನು ಇರಿಸಿದ್ದಾನೆ.

ಇದಕ್ಕೆ ಸಮಾನವಾದ ಸಂಗತಿಯೊಂದು ಇಪ್ಪತ್ತೆರಡು ಶತಮಾನಗಳ ತರುವಾಯ ಅಮೆರಿಕದಲ್ಲಿ ನಡೆಯಿತು. ಟೆಲಿವಿಷನ್ನಿಗೆ ಜೋಡಿಸಿ ಮನೆಯಲ್ಲಿ ಆಡುವ ಆಟದ ಯಂತ್ರವೊಂದನ್ನು ಅಟಾರಿ ಸಂಸ್ಥೆಯು ೧೯೭೭ರಲ್ಲಿ ಹೊರತಂದಿತು. ಅದರ ಆಟಗಳು ಕಾರ್ಟ್ರಿಜ್ ಎಂಬ ಚಿಕ್ಕ ಪೆಟ್ಟಿಗೆಗಳಲ್ಲಿ ಮಾರಾಟವಾಗುತ್ತಿದ್ದುವು. ಒಂದೊಂದು ಆಟವೂ ಸಾಮಾನ್ಯವಾಗಿ ಒಬ್ಬನೇ ವ್ಯಕ್ತಿಯ ರಚನೆ. ಕಥೆ, ಚಿತ್ರ, ಧ್ವನಿ, ಗಣಿತ ಎಲ್ಲವೂ ಅವನದೇ. ಆದರೂ ಪೆಟ್ಟಿಗೆಯ ಮೇಲೆ ಸಂಸ್ಥೆಯ ಹೆಸರಲ್ಲದೆ ಕರ್ತೃವಿನ ಹೆಸರು ಇರುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬವರು ‘ಅಡ್ವೆಂಚರ್’ ಎಂಬ ತಮ್ಮ ಆಟದಲ್ಲಿ ಗುಪ್ತವಾದ ಕೋಣೆಯೊಂದನ್ನು ರಚಿಸಿ, ಇದನ್ನು ಮಾಡಿದವನು ತಾನೆಂದು ಅಲ್ಲಿ ಬರೆದಿಟ್ಟರು. ನೆಲದ ಬಣ್ಣದಲ್ಲಿ ಬೆರೆತುಹೋದ ಬೂದು ಚುಕ್ಕೆಯೊಂದನ್ನು ಹುಡುಕಿ ಹೊತ್ತು ತಂದವರಿಗೆ ಮಾತ್ರ ಆ ಕೋಣೆಗೆ ಪ್ರವೇಶ. ಸಂಸ್ಥೆಗೆ ವಿಷಯವು ತಿಳಿದದ್ದು ೧೯೮೦ರಲ್ಲಿ, ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬನ ಕಾಗದದಿಂದ. ಅಷ್ಟರಲ್ಲಿ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಇಂಥ ಗುಪ್ತನಾಮಗಳಲ್ಲಿ ಇದೇ ಮೊದಲನೆಯದೆಂದು ಹೇಳುವುದು ರೂಢಿ. ಅದು ನಿಜವಲ್ಲ; ಇದಕ್ಕೆ ಮುಂಚಿನ ನಿದರ್ಶನಗಳು ಸಿಕ್ಕಿವೆ. ಆದರೆ ಇದರಷ್ಟು ಪರಿಣಾಮವನ್ನುಂಟುಮಾಡಿದ್ದು ಬೇರೊಂದಿಲ್ಲ.

ಈ ಆಟಗಳನ್ನು ‘ಕೃತಿ’ಗಳೆಂದೂ ಇವನ್ನು ಮಾಡಿದವರನ್ನು ‘ಕರ್ತೃ’ಗಳೆಂದೂ ಕರೆಯುವುದು ಸಾಧುವೇ ಎಂಬ ಶಂಕೆ ಸಾಹಿತ್ಯದ ಅಧ್ಯಾಪಕರಿಗೆ ಹುಟ್ಟಬಹುದು. ಅದಕ್ಕೆ ಸಮಾಧಾನವು ರಚನೆಯ ವಿವರಗಳಲ್ಲಿಯೇ ಇರುವುದು. ಅಟಾರಿ ಯಂತ್ರದ ಕ್ರಿಯಾಸ್ಮೃತಿಗೆ ೧೨೮ ಬೈಟುಗಳ ಅವಕಾಶ. ಇಂದು ಕನ್ನಡವನ್ನು ಗಣಕದಲ್ಲಿ ಬರೆಯುವ ರೀತಿಯಲ್ಲಿ ಒಂದು ಗುಣಿತಾಕ್ಷರಕ್ಕೆ ೬ ಬೈಟು ಎಂದಿಟ್ಟುಕೊಂಡರೆ, ಚಂಪಕಮಾಲೆಯ ಒಂದು ಪಾದದ ೨೧ ಅಕ್ಷರಗಳಿಗೆ ಆ ಸ್ಥಳವು ಮುಗಿದುಹೋಗುತ್ತದೆ; ಎರಡನೆಯ ಪಾದಕ್ಕೆ ಎಡೆಯಿಲ್ಲ. ಆಟದ ಸೂತ್ರಗಳಿಗಾಗಿ ಕಾರ್ಟ್ರಿಜ್ಜಿನಲ್ಲಿ ಮೊದಮೊದಲು ದೊರೆಯುತ್ತಿದ್ದದ್ದು ೨ ಅಥವಾ ೪ ಕಿಲೋಬೈಟು. ಇದಕ್ಕಿಂತ ಕಠಿನವಾದ ನಿಯಮ ಇನ್ನೊಂದುಂಟು. ತೆರೆಯ ಚಿತ್ರವನ್ನು ಪೂರ್ತಿಯಾಗಿ ಇರಿಸಿಕೊಳ್ಳುವ ಸ್ಥಳ ಈ ಯಂತ್ರದಲ್ಲಿ ಇಲ್ಲವೇ ಇಲ್ಲ. ಟೆಲಿವಿಷನ್ನಿನ ಕಿರಣವು ಗೆರೆ ಗೆರೆಯಾಗಿ ತೆರೆಯನ್ನು ತುಂಬುತ್ತಿರುವಾಗಲೇ, ಆಯಾ ಗೆರೆಯಲ್ಲಿ ಏನು ಕಾಣಬೇಕೆಂಬುದನ್ನು ಪ್ರೋಗ್ರಾಮು ಆ ಕ್ಷಣದಲ್ಲಿ ಒದಗಿಸುತ್ತಿರಬೇಕು. ಒಂದು ಗೆರೆಗೆ ಯಂತ್ರದ ೭೬ ಹೆಜ್ಜೆಗಳ ಕಾಲ. ಸೆಕೆಂಡಿಗೆ ಸುಮಾರು ೬೦ ಬಾರಿ ತೆರೆ ಹೊಸದಾಗಬೇಕು. ಮಾತ್ರೆಯೊಂದು ತಪ್ಪಿದರೆ ಕಂದಪದ್ಯವು ಕುಂಟಬಹುದು. ಇಲ್ಲಿ ಚಿತ್ರವೇ ಒಡೆಯುತ್ತದೆ.

ಬಾಬ್ ವೈಟ್‌ಹೆಡ್ ಅವರು ಲ್ಯಾರಿ ವ್ಯಾಗ್ನರ್ ಅವರೊಡನೆ ರಚಿಸಿದ, ೧೯೭೯ರ ಚದುರಂಗದ ಆಟವನ್ನು ನೋಡಬಹುದು. ಯಂತ್ರವು ಒಂದು ಗೆರೆಯಲ್ಲಿ ಎರಡು ಆಕೃತಿಗಳನ್ನೂ, ಒಂದೊಂದಕ್ಕೂ ಮೂರು ಪ್ರತಿಗಳಂತೆ ಹೆಚ್ಚೆಂದರೆ ಆರನ್ನೂ ತೋರಿಸಬಲ್ಲುದು. ಚದುರಂಗದ ಸಾಲಿನಲ್ಲಿ ಕಾಯಿಗಳು ಎಂಟು. ವೈಟ್‌ಹೆಡ್ ಅವರು ಒಂದು ಗೆರೆಯಲ್ಲಿ ನಾಲ್ಕು ಕಾಯಿಗಳನ್ನೂ ಮುಂದಿನ ಗೆರೆಯಲ್ಲಿ ಉಳಿದ ನಾಲ್ಕನ್ನೂ ಬಿಡಿಸಿದರು. ಪ್ರತಿಯೊಂದು ಕಾಯಿಯೂ ಗೆರೆ ಬಿಟ್ಟು ಗೆರೆಯಾಗಿ, ಕಿಟಕಿಯ ಪಟ್ಟಿಪರದೆಯಂತೆ ಕಾಣುವುದು. ಬಿಟ್ಟುಹೋದುದನ್ನು ಕಣ್ಣು ತುಂಬಿಕೊಳ್ಳುವುದು.

ಇದಕ್ಕಿಂತಲೂ ವಿಚಾರಾರ್ಹವಾದದ್ದು ಡೇವಿಡ್ ಕ್ರೇನ್ ಅವರ ‘ಪಿಟ್‌ಫಾಲ್’. ಇದು ೧೯೮೨ರದು. ಕಾಡಿನಲ್ಲಿ ಓಡುವ ಮನುಷ್ಯನೊಬ್ಬನ ಮುಂದೆ ೨೫೫ ದೃಶ್ಯಗಳು ಒಂದಾದ ಮೇಲೊಂದು ಬರುತ್ತವೆ. ಇಷ್ಟು ದೃಶ್ಯಗಳನ್ನು ಬರೆದಿಡಲು ಸ್ಥಳವೆಲ್ಲಿ? ಕ್ರೇನ್ ಅವರು ಒಂದನ್ನೂ ಬರೆದಿಡಲಿಲ್ಲ. ಎಂಟು ಸ್ಥಾನಗಳ ಒಂದು ದ್ವಿಮಾನ ಸಂಖ್ಯೆಯನ್ನು ಒಂದು ಸ್ಥಾನ ಸರಿಸಿ, ತೆರವಾದ ಸ್ಥಾನವನ್ನು ಅದೇ ಸಂಖ್ಯೆಯ ಕೆಲವು ಅಂಕಗಳಿಂದ ಗಣಿಸಿದ ಹೊಸ ಅಂಕದಿಂದ ತುಂಬಿದರು. ಹೀಗೆ ಹುಟ್ಟುವ ಸಂಖ್ಯೆಯ ಒಂದೊಂದು ಭಾಗವು ಮರಗಳೆಲ್ಲಿ, ಹೊಂಡವೆಲ್ಲಿ, ಮೊಸಳೆಯೋ ನಿಧಿಯೋ ಎಂಬುದನ್ನು ನಿರ್ಣಯಿಸುವುದು. ಸೊನ್ನೆಯನ್ನುಳಿದು ಪ್ರತಿಯೊಂದು ಸಂಖ್ಯೆಯೂ ಒಮ್ಮೆ ಮಾತ್ರ ಬಂದು, ಸುತ್ತು ಮುಗಿದಾಗ ಮೊದಲನೆಯದೇ ಮರಳುವುದು. ಓಟಗಾರನು ಹಿಂದಿರುಗಿದರೆ ಅದೇ ಗಣಿತವನ್ನು ವಿಲೋಮವಾಗಿ ನಡೆಸಿದರಾಯಿತು.

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇಲ್ಲಿ ತುರಗಬಂಧದ ನೆನಪಾಗದಿರದು. ಕುದುರೆಯ ನಡೆಯಲ್ಲಿ ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಬೇಕೆಂಬುದು ಅದರ ನಿಯಮ. ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿ ೩೨ ಅಕ್ಷರಗಳ ಶ್ಲೋಕವನ್ನು ಮನೆಗಳಲ್ಲಿ ತುಂಬಿ ಕುದುರೆಯ ನಡೆಯಲ್ಲಿ ಓದಿದರೆ ಮತ್ತೊಂದು ಶ್ಲೋಕ ಹೊರಡುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ನಡೆಗಳ ರಚನೆಯಲ್ಲಿ ಎಷ್ಟು ಆಸಕ್ತರಾಗಿದ್ದರೆಂಬುದು ಸುಪ್ರಸಿದ್ಧ. ಆದರೂ ಆನಂದವರ್ಧನನು ಚಿತ್ರವನ್ನು ಕಾವ್ಯದ ಅನುಕರಣವೆಂದೇ ಎಣಿಸಿದನು. ಬಂಧವು ಕಣ್ಣಿಗೆ ಹೊಡೆದು ಅರ್ಥವು ಬಡವಾಗುವುದೇ ಅದಕ್ಕೆ ಕಾರಣ. ‘ಪಿಟ್‌ಫಾಲ್’ನಲ್ಲಿ ಸ್ಥಿತಿ ತಲೆಕೆಳಗು. ಆಡುವವನಿಗೆ ಬಂಧದ ಸುಳಿವೇ ಇಲ್ಲ. ಅವನಿಗೆ ಕಾಣುವುದು ಕಾಡು. ಬಂಧವನ್ನು ಅರ್ಥದೊಳಗೆ ಅಡಗಿಸುವ ಈ ಶಕ್ತಿಯೇ ಕರ್ತೃತ್ವದ ಲಕ್ಷಣವೆಂದರೆ ತಪ್ಪಾಗಲಾರದು. ಕ್ಯಾರಲ್ ಶಾ ಅವರ ‘ರಿವರ್ ರೇಡ್’ ಆಟದ ನದಿಯೂ ಇಂಥದೇ ಗಣಿತದಿಂದ ಹುಟ್ಟಿ ಹರಿಯುತ್ತದೆ. ಆ ವೃತ್ತಿಯಲ್ಲಿ ಸ್ತ್ರೀಯರು ವಿರಳವಾಗಿದ್ದ ಕಾಲದಲ್ಲಿ, ೧೯೭೮ರಲ್ಲಿ, ಅವರು ಅಟಾರಿಯನ್ನು ಸೇರಿದ್ದರು.

ಇನ್ನು ಹೆಸರಿನ ವ್ಯಾಜ್ಯ. ಕ್ರೇನ್, ವೈಟ್‌ಹೆಡ್, ಆಲನ್ ಮಿಲ್ಲರ್, ಲ್ಯಾರಿ ಕಪ್ಲನ್ ಈ ನಾಲ್ವರು, ಕಾರ್ಟ್ರಿಜ್ಜುಗಳ ಮಾರಾಟದಲ್ಲಿ ನೂರಕ್ಕೆ ಸುಮಾರು ೬೦ರಷ್ಟು ತಮ್ಮ ರಚನೆಗಳಿಂದಲೇ ಬರುತ್ತಿರುವುದನ್ನು ಲೆಕ್ಕ ಹಾಕಿ, ಹೆಸರನ್ನೂ ಪಾಲನ್ನೂ ಕೇಳಲು ಮುಖ್ಯಾಧಿಕಾರಿ ರೇ ಕಸ್ಸಾರ್ ಅವರ ಬಳಿಗೆ ಹೋದರು. ಕ್ರೇನ್ ಅವರು ಮುಂದೆ ಹೇಳಿಕೊಂಡಿರುವ ಪ್ರಕಾರ, ಸಾಲಿನಲ್ಲಿ ನಿಂತು ಕಾರ್ಟ್ರಿಜ್ಜು ಜೋಡಿಸುವವರಿಗಿಂತ ನೀವು ಹೆಚ್ಚಿನವರಲ್ಲ ಎಂಬುದು ಅವರಿಗೆ ದೊರೆತ ಉತ್ತರ. ನಾಲ್ವರೂ ಹೊರಬಂದು ಜಿಮ್ ಲೆವಿ ಅವರೊಡನೆ ೧೯೭೯ರಲ್ಲಿ ಆ್ಯಕ್ಟಿವಿಷನ್ ಸಂಸ್ಥೆಯನ್ನು ಕಟ್ಟಿದರು. ಅದರ ಆಟಗಳೊಂದಿಗೆ ಬರುತ್ತಿದ್ದ ಕೈಪುಸ್ತಕಗಳಲ್ಲಿ ಕರ್ತೃವಿನ ಹೆಸರು, ಭಾವಚಿತ್ರ, ಆಡುವವರಿಗೆ ಅವನ ಮಾತು ಎಲ್ಲವೂ ಇರುತ್ತಿದ್ದುವು.

ಈ ಪ್ರಸಂಗವನ್ನು ಕಲಾವಿದರ ವಿಜಯವೆಂದು ವರ್ಣಿಸಿ ಮುಗಿಸುವುದು ವಾಡಿಕೆ. ಮೈಸೂರಿನ ಅಶೋಕಪುರಂನಲ್ಲಿ ನಿಂತು ನೋಡಿದರೆ ಅದು ಅಷ್ಟು ಸರಳವಾಗಿ ತೋರದು. ಚಪಡನ ಒಡೆಯನನ್ನು ನೆನಪಿಗೆ ತರುವ ಹೆಸರಿನ ಈ ಬಡಾವಣೆಯ ಬಳಿ ಸಂಸ್ಥಾನದ ರೈಲ್ವೆಯ ಕಾಲದಿಂದ ಬಂದ ಕಾರ್ಖಾನೆಯಿದೆ. ಗಾಡಿಯ ಚಕ್ರ ಅಚ್ಚುಗಳನ್ನು ಬಿಚ್ಚಿ ಸರಿಪಡಿಸಿ ಕೂಡಿಸುವ ಕೈಗಳಿಗೆ ಕೌಶಲ ಬೇಡವೆಂದು ಅಲ್ಲಿನವರಾರೂ ಒಪ್ಪರು. ಕಸ್ಸಾರ್ ಅವರದೆಂದು ಹೇಳುವ ಮಾತಿನ ದೋಷವು ಕರ್ತೃಗಳನ್ನು ಕೆಲಸಗಾರರಿಗೆ ಹೋಲಿಸಿದ್ದರಲ್ಲಿ ಇಲ್ಲ. ಕೆಲಸಗಾರನೆಂದರೆ ಯಾರಾದರೂ ಒಂದೇ ಎಂಬ ಎಣಿಕೆಯಲ್ಲಿದೆ. ನಾಲ್ವರು ತಮ್ಮನ್ನು ಆ ಎಣಿಕೆಯಿಂದ ಬಿಡಿಸಿಕೊಂಡರು; ಎಣಿಕೆಯು ಮಾತ್ರ ಹಾಗೆಯೇ ಉಳಿಯಿತು.

ದಲಿತರ ನೆಲೆಯಾಗಿ, ಅಂಬೇಡ್ಕರ್ ಅವರ ವಿಚಾರಗಳ ಕೇಂದ್ರವಾಗಿ ಹೆಸರಾದ ಅಶೋಕಪುರಂನವರಿಗೆ, ಯಾರ ಹೆಸರು ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬುದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಅಂಥವರು ಜೆರಿ ಲಾಸನ್ ಅವರ ಹೆಸರನ್ನು ಅರಿಯುವುದು ಉಚಿತ. ಆಟಗಳನ್ನು ಬದಲಾಯಿಸಬಲ್ಲ ಕಾರ್ಟ್ರಿಜ್ಜಿನ ಪದ್ಧತಿಯು ಮನೆಗಳಿಗೆ ಮೊದಲು ಬಂದದ್ದು ೧೯೭೬ರ ಫೇರ್‌ಚೈಲ್ಡ್ ಚಾನೆಲ್ ಎಫ್ ಯಂತ್ರದಿಂದ. ಅದನ್ನು ಸಿದ್ಧಗೊಳಿಸಿದ ತಂಡದ ನಾಯಕರು ಕರಿಯ ಜನಾಂಗದ ಈ ಇಂಜಿನಿಯರರು. ರಾಬಿನೆಟ್, ಕ್ರೇನ್ ಮೊದಲಾದವರ ಹೆಸರುಗಳು ಮನೆಮಾತಾದ ಎಷ್ಟೋ ವರ್ಷಗಳ ಮೇಲೆ, ೨೦೧೧ರಲ್ಲಿ, ಆಟಗಳ ರಚನಕಾರರ ಸಂಘವು ಲಾಸನ್ನರನ್ನು ಗೌರವಿಸಿತು. ಮರುತಿಂಗಳೇ ಅವರು ತೀರಿಕೊಂಡರು.

ಹೆಸರು ಬಂದಮೇಲೆ ಹೊಣೆಯೂ ಬರುವುದು. ಹೋವರ್ಡ್ ಸ್ಕಾಟ್ ವಾರ್ಷಾ ಅವರು ‘ಈ. ಟಿ.’ ಎಂಬ ಚಲಚ್ಚಿತ್ರವನ್ನಾಧರಿಸಿದ ಆಟವನ್ನು ೧೯೮೨ರಲ್ಲಿ ಸುಮಾರು ಐದು ವಾರಗಳಲ್ಲಿ ಮುಗಿಸಬೇಕಾಯಿತು. ಅವಧಿಯು ಸಂಸ್ಥೆಯ ಒಪ್ಪಂದದಿಂದ ಬಂದದ್ದು. ಮಾರಾಟವಾಗದೆ ಉಳಿದ ಪ್ರತಿಗಳು ಮರುಭೂಮಿಯಲ್ಲಿ ಹೂಳಲ್ಪಟ್ಟವು, ೨೦೧೪ರಲ್ಲಿ ಅಗೆದು ತೆಗೆಯಲ್ಪಟ್ಟವು. ಅಪಕೀರ್ತಿಯೆಲ್ಲವೂ ರಚಿಸಿದವರ ಪಾಲಿಗೆ ಬಂದಿತು. ಅವರೇ ಬರೆದ ‘ಯಾರ್ಸ್ ರಿವೆಂಜ್’ ಆ ಯಂತ್ರದ ಉತ್ತಮ ರಚನೆಗಳಲ್ಲಿ ಒಂದೆಂಬುದನ್ನು ನೆನೆಯುವವರು ಕಡಿಮೆ.

ಕರ್ನಾಟಕವು ಈ ಕಲೆಗೆ ಪ್ರವೇಶಿಸಿದ್ದು ತಡವಾಗಿ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ೧೯೯೭ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಆಟರಚನಾ ಸಂಸ್ಥೆಗಳಲ್ಲಿ ಒಂದು. ೨೦೧೯ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಕೈಸೇರಿತು. ಆ ವೇಳೆಗೆ ಒಬ್ಬನೇ ಒಂದು ಆಟವನ್ನು ರಚಿಸುವ ಕಾಲ ಕಳೆದಿತ್ತು. ಪರದೇಶದ ಆಟಗಳಿಗೆ ಗಾಡಿ, ಗೋಡೆ, ಗಿಡಮರಗಳ ಆಕೃತಿಗಳನ್ನು ಒದಗಿಸುವುದೇ ಬೆಂಗಳೂರಿನ ಮುಖ್ಯ ಕೆಲಸವಾಯಿತು. ಇಂಥ ಆಟಗಳ ಕೊನೆಯಲ್ಲಿ ನೂರಾರು ಹೆಸರುಗಳ ಪಟ್ಟಿ ಓಡುತ್ತದೆ. ಯಾವ ಗೋಡೆ ಯಾರದೆಂದು ಅದರಿಂದ ತಿಳಿಯುವಂತಿಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮನು ತಾನು ಕಡೆದ ವಿಗ್ರಹಗಳ ಪೀಠದ ಮೇಲೆಯೇ ತನ್ನ ಹೆಸರನ್ನು ಕೆತ್ತಿದ್ದಾನೆ.