ತೆಂಕುತಿಟ್ಟಿನ ಸ್ತ್ರೀವೇಷ ಮತ್ತು ಸಾದೃಶ್ಯದ ಪ್ರಶ್ನೆ

ತೆಂಕುತಿಟ್ಟು ಯಕ್ಷಗಾನದ ಸ್ತ್ರೀವೇಷಧಾರಿಗಳನ್ನು ಕುರಿತು ನಮ್ಮಲ್ಲಿ ಬಂದಿರುವ ಬರಹಗಳನ್ನು ಓದುವವರಿಗೆ ಒಂದು ಪ್ರಶಂಸೆ ಮತ್ತೆ ಮತ್ತೆ ಎದುರಾಗುತ್ತದೆ. ಥೇಟು ಹೆಣ್ಣೇ, ಗಂಡಸೆಂದು ಗುರುತು ಹತ್ತುವುದಿಲ್ಲ ಎಂಬುದೇ ಅದು. ಸನ್ಮಾನಪತ್ರಗಳಲ್ಲಿಯೂ ಸಂಸ್ಮರಣ ಗ್ರಂಥಗಳಲ್ಲಿಯೂ ಈ ಮಾತು ಬೇರೆ ಬೇರೆ ಉಡುಪು ತೊಟ್ಟು ಬರುತ್ತದೆ. ಮೆಚ್ಚುಗೆಯ ಭರದಲ್ಲಿ ಆಡಿದ ಮಾತನ್ನು ಹಿಡಿದು ಜಗ್ಗುವುದು ಸೌಜನ್ಯವಲ್ಲವೆಂದು ಕೆಲವರಿಗೆ ತೋರೀತು. ಆದರೆ ಈ ಅಳತೆಗೋಲೇ ತಪ್ಪಾದುದೆಂದೂ ಅದರಿಂದ ಕಲೆಗೂ ಕಲಾವಿದನಿಗೂ ಹಾನಿಯಾಗಿದೆಯೆಂದೂ ನನ್ನ ಅಭಿಪ್ರಾಯ. ಇರುಳು ಹೊಗಳಿಕೆಯಾದ ಮಾತೇ ಹಗಲಿನಲ್ಲಿ ಅದೇ ಕಲಾವಿದನ ಬೆನ್ನ ಹಿಂದೆ ಅಣಕವಾಗುವುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯವರು ಚೆನ್ನಾಗಿ ಬಲ್ಲರು.

ಈ ಅಳತೆಗೋಲು ಬಲಗೊಂಡದ್ದು ಸುಮಾರು 1970ರಿಂದ 1985ರವರೆಗಿನ ಅವಧಿಯಲ್ಲಿ. ಅದು ಡೇರೆ ಮೇಳಗಳ ಕಾಲ. ಕರ್ನಾಟಕ ಮೇಳ, ಸುರತ್ಕಲ್ ಮೇಳ ಮೊದಲಾದವು ಟಿಕೇಟು ಮಾರಿ ಆಟವಾಡುತ್ತಿದ್ದವು. ಪುರಾಣ ಪ್ರಸಂಗಗಳ ಪಕ್ಕದಲ್ಲಿ ತುಳು ಪ್ರಸಂಗಗಳೂ ಐತಿಹಾಸಿಕ, ಕಾಲ್ಪನಿಕ ಕಥೆಗಳೂ ಬಂದು ನಿಂತವು. 1971ರಲ್ಲಿ 'ಎನ್ನ ತಂಗಡಿ'ಯೊಡನೆ ತುಳುವಿಗೆ ಚಲನಚಿತ್ರವೂ ದೊರಕಿತು. ಡೇರೆಗೆ ಹಣ ಕೊಟ್ಟು ಬಂದ ಪ್ರೇಕ್ಷಕನು ಕಳೆದ ವಾರ ಚಿತ್ರಮಂದಿರದಲ್ಲಿ ನಾಯಿಕೆಯನ್ನು ಕಂಡವನು. ಅವನ ಕಣ್ಣಿಗೊಪ್ಪುವಂತೆ ಸೀರೆ, ರವಿಕೆ, ಕೇಶಾಲಂಕಾರಗಳು ಬದಲಾದುದರಲ್ಲಿ ಆಶ್ಚರ್ಯವೇನೂ ಇಲ್ಲ. ಡೇರೆಯ ಯಜಮಾನನಿಗೆ ಗಲ್ಲಾಪೆಟ್ಟಿಗೆಯ ಚಿಂತೆಯಿತ್ತು. ವಿಮರ್ಶಕನಿಗೆ ಆ ಚಿಂತೆ ಇರಲಿಲ್ಲ. ಆದರೂ ಅವನು ಚಿತ್ರಮಂದಿರದ ಕಣ್ಣನ್ನೇ ಎರವಲು ತಂದನು.

ಯಕ್ಷಗಾನದ ರಂಗದಲ್ಲಿ ಹೆಣ್ಣು ಎಂಬುದು ಒಂದೇ ಬಗೆಯ ವಸ್ತುವಲ್ಲ. ದಮಯಂತಿ, ಚಂದ್ರಮತಿ, ಸುಭದ್ರೆಯರದು ಒಂದು ಬಗೆ. ಪ್ರಮೀಳೆ, ಶಶಿಪ್ರಭೆಯರಂತಹ ವೀರಾಂಗನೆಯರದು ಕಸೆ ಸ್ತ್ರೀವೇಷವೆಂಬ ಬೇರೊಂದು ಬಗೆ. ಶೂರ್ಪನಖಿ, ತಾಟಕಿ, ಅಜಮುಖಿಯರು ಬಂದರೆ ಅದು ಹೆಣ್ಣುಬಣ್ಣ. ಅದನ್ನು ಕಟ್ಟುವವರು ಬಣ್ಣದ ವೇಷದಲ್ಲಿ ನುರಿತವರು. ಅದೇ ಶೂರ್ಪನಖಿ ರಾಮನ ಮುಂದೆ ಚೆಲುವೆಯಾಗಿ ನಿಲ್ಲುವಾಗ, ರಾಕ್ಷಸಿಯು ಕಟ್ಟಿದ ಹೆಣ್ಣನ್ನು ಗಂಡಸೊಬ್ಬನು ಮತ್ತೆ ಕಟ್ಟಬೇಕಾಗುತ್ತದೆ. ಭಸ್ಮಾಸುರನೆದುರಿನ ಮೋಹಿನಿಯಂತೂ ವಿಷ್ಣುವೇ. ಕೀಚಕನ ವಧೆಯಲ್ಲಿ ಭೀಮನು ಸೀರೆಯುಡುತ್ತಾನೆ; ಅಲ್ಲಿ ಹೆಣ್ಣಿನಂತೆ ಕಾಣದಿರುವುದೇ ಸೊಗಸು. ಇವೆಲ್ಲಕ್ಕೂ 'ಥೇಟು ಹೆಣ್ಣು' ಎಂಬ ಒಂದೇ ಸೇರಿನಿಂದ ಅಳೆಯಹೊರಟರೆ ಮೊದಲನೆಯ ಬಗೆಯೊಂದು ಹೊರತು ಉಳಿದುದೆಲ್ಲ ಸೇರಿನಿಂದ ಹೊರಗೆ ಚೆಲ್ಲಿಹೋಗುತ್ತದೆ.

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀ ಕುಂಜರ, ಪಂಚನಾರೀ ತುರಗ ಎಂಬ ಕೆತ್ತನೆಗಳಿವೆ. ಒಂಬತ್ತು ಸ್ತ್ರೀಯರ ಅಂಗಾಂಗಗಳು ಹೆಣೆದು ಆನೆಯಾಗಿದೆ, ಐವರು ಸೇರಿ ಕುದುರೆಯಾಗಿದೆ. ನೋಡುವವನಿಗೆ ಮೋಸವೇನೂ ಆಗುವುದಿಲ್ಲ. ಕುದುರೆಯೂ ಕಾಣುತ್ತದೆ, ನಾರಿಯರೂ ಕಾಣುತ್ತಾರೆ. ನಾರಿಯರನ್ನು ಮರೆತವನಿಗೆ ಶಿಲ್ಪಿಯ ಚಾತುರ್ಯವೇ ಕಾಣಲಿಲ್ಲವೆನ್ನಬೇಕು. ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಇಲ್ಲಿ ಶ್ರೀಶಂಕುಕನ ಚಿತ್ರತುರಗ ನ್ಯಾಯವು ನೆನಪಾಗದಿರದು. ಚಿತ್ರದ ಕುದುರೆಯನ್ನು ಕಂಡಾಗ ಆಗುವ ಅರಿವು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ ಎಂದು ಅವನ ವಾದ. ಶಂಕುಕನ ಅನುಕರಣವಾದವನ್ನು ಅಭಿನವಗುಪ್ತನು ಖಂಡಿಸಿದನೆಂಬುದು ಬೇರೆ ಮಾತು. ಆದರೆ ಅನುಕರಣವಾದಿಯಾದ ಶಂಕುಕನೇ ರಂಗದ ಅರಿವನ್ನು ಸಾದೃಶ್ಯಕ್ಕೆ ಇಳಿಸಲು ಒಪ್ಪಲಿಲ್ಲ. ನಮ್ಮ ಸ್ತ್ರೀವೇಷ ವಿಮರ್ಶೆಯು ಅವನಿಗಿಂತಲೂ ಹಿಂದೆ ನಿಂತಿದೆಯೆಂದರೆ ಕಟುವಾದೀತೇನೋ.

ಆ ಕಾಲದ ಇಬ್ಬರು ಪ್ರಮುಖರನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಉಪ್ಪಿನಂಗಡಿಯ ಪಾತಾಳ ವೆಂಕಟರಮಣ ಭಟ್ಟರು ಧರ್ಮಸ್ಥಳ ಮೇಳದಲ್ಲಿ ಮೇನಕೆ, ಮೋಹಿನಿಯರಂತಹ ಶೃಂಗಾರ ಪಾತ್ರಗಳಿಂದ ಹೆಸರಾದವರು. ವೇಷವನ್ನು ತಿದ್ದಿಕೊಳ್ಳಲು ಅವರು ಮೊರೆಹೊಕ್ಕದ್ದು ಬೇಲೂರಿನ ಶಿಲ್ಪಗಳನ್ನು. ಇದು ಗಮನಾರ್ಹವಾದ ಸಂಗತಿ. ಮಾದರಿಯಾಗಿ ಒದಗಿದವಳು ನೆರೆಮನೆಯ ಹೆಣ್ಣಲ್ಲ, ತೆರೆಯ ಮೇಲಿನ ನಾಯಿಕೆಯೂ ಅಲ್ಲ; ಆಗಲೇ ಒಬ್ಬ ಕಲಾವಿದನು ಕಲ್ಲಿನಲ್ಲಿ ಕಟ್ಟಿದ ಹೆಣ್ಣು. ಕೋಳ್ಯೂರು ರಾಮಚಂದ್ರರಾಯರ ದಾರಿ ಬೇರೆ. ಅವರ ದಮಯಂತಿ, ಚಂದ್ರಮತಿಯರ ಜೀವವಿದ್ದುದು ಅರ್ಥಗಾರಿಕೆಯಲ್ಲಿ, ಭಾವಕ್ಕೆ ತಕ್ಕ ಮಾತಿನಲ್ಲಿ. ಮಾತೆಂಬುದು ಆ ಕ್ಷಣದಲ್ಲಿ ಹುಟ್ಟುವಂತಹದು. ಎದುರು ಕುಳಿತ ನಳನಿಗೆ ಉತ್ತರ ಕೊಡಲು ಸೀರೆಯ ನೆರಿಗೆ ನೆರವಾಗದು. ಈ ಇಬ್ಬರನ್ನೂ ಒಂದೇ ವಿಶೇಷಣದಿಂದ ಹೊಗಳಿ ಮುಗಿಸುವ ವಿಮರ್ಶೆಯು ಇಬ್ಬರನ್ನೂ ನೋಡಿಲ್ಲ.

ಇದೇ ವರ್ಷಗಳಲ್ಲಿ ಪಶ್ಚಿಮದಲ್ಲಿ ಡಿಸ್ಕೋ ಸಂಗೀತದ ಅಬ್ಬರವಿತ್ತು. ಅಮೆರಿಕದ ನಗರಗಳಲ್ಲಿ, ವಿಶೇಷವಾಗಿ 1969ರ ಸ್ಟೋನ್‌ವಾಲ್ ಪ್ರತಿಭಟನೆಯ ತರುವಾಯ, ಗಂಡಸರು ಹೆಣ್ಣಿನ ವೇಷದಲ್ಲಿ ನಡೆಸುವ ಡ್ರ್ಯಾಗ್ ಪ್ರದರ್ಶನಗಳು ಹೊಸ ಧೈರ್ಯದಿಂದ ಬೆಳಕಿಗೆ ಬಂದವು. ಧ್ವನಿಮುದ್ರಿಕೆಯ ಗಾಯಕಿಯ ಹಾಡಿಗೆ ತುಟಿ ಕೂಡಿಸುವುದು ಅಲ್ಲಿ ರೂಢಿ. ಸ್ಯಾನ್‌ಫ್ರಾನ್ಸಿಸ್ಕೋದ ಕಾಕೆಟ್ಸ್ ತಂಡದಿಂದ ಬಂದ ಸಿಲ್ವೆಸ್ಟರ್ ಮಾತ್ರ ತನ್ನದೇ ಏರುಕಂಠದಲ್ಲಿ ಹಾಡಿ 1978ರಲ್ಲಿ ಜಗತ್ಪ್ರಸಿದ್ಧನಾದನು. ಅವನ ಹಾಡಿನ ಹುರುಳು ತಾನು ತಾನೇ ಆಗಿರುವುದರ ಸಂಭ್ರಮ. ನಮ್ಮ ಸ್ತ್ರೀವೇಷಕ್ಕೂ ಇದಕ್ಕೂ ಬಂಧುತ್ವ ಹೇಳಲು ನಾನು ಆತುರಪಡುವುದಿಲ್ಲ. ಅಲ್ಲಿ ವೇಷವು ವೇಷಧಾರಿಯ ಬಾಳನ್ನು ಕುರಿತು ಮಾತನಾಡುತ್ತದೆ. ಇಲ್ಲಿ ವೇಷಧಾರಿಯ ಬಾಳನ್ನು ಚೌಕಿಯಲ್ಲಿಯೇ ಬಿಟ್ಟುಬರಬೇಕು. ಆ ಬಿಟ್ಟುಬರುವಿಕೆಯ ವೆಚ್ಚವೇನೆಂದು ನಮ್ಮವರು ಕೇಳಿದ್ದು ಕಡಿಮೆ. ಆದರೂ ಒಂದು ವಿಷಯದಲ್ಲಿ ಆ ಪ್ರೇಕ್ಷಕರು ನಮ್ಮ ವಿಮರ್ಶಕರಿಗಿಂತ ಜಾಣರು: ವೇಷ ಕಟ್ಟಿದ್ದೆಂಬುದನ್ನು ಬಲ್ಲೆವೆಂಬುದೇ ಅವರ ಆನಂದದ ಮೂಲವಾಗಿತ್ತು.

ಸಿಲ್ವೆಸ್ಟರನಲ್ಲಿ ಕಂಠವೂ ದೇಹವೂ ಒಬ್ಬನವೇ. ನಮ್ಮ ರಂಗದ ಹೆಣ್ಣು ಹಲವರಲ್ಲಿ ಹಂಚಿಹೋಗಿದ್ದಾಳೆ. ಪದ್ಯ ಭಾಗವತನದು, ಹೆಜ್ಜೆಗೆ ಕಾವಲು ಚೆಂಡೆಮದ್ದಳೆಯದು, ದೇಹವೂ ಮಾತೂ ವೇಷಧಾರಿಯವು. ಹೀಗಿರುವಾಗ 1970ರ ದಶಕದಲ್ಲಿ ಲೀಲಾವತಿ ಬೈಪಾಡಿತ್ತಾಯರು ಭಾಗವತಿಕೆಗೆ ಬಂದು, ಮುಂದೆ ಬೆಳ್ತಂಗಡಿ ತಾಲೂಕಿನ ಅರುವ ಮೇಳವೂ ಸೇರಿದಂತೆ ವೃತ್ತಿಮೇಳಗಳಲ್ಲಿ ಹಾಡಿದುದು ಸಾಮಾನ್ಯ ಘಟನೆಯಲ್ಲ. ದ್ರೌಪದಿಯ ಅಳಲಿಗೆ ಮಾತ್ರವಲ್ಲದೆ ರಾವಣನ ಅಟ್ಟಹಾಸಕ್ಕೂ ಹೆಣ್ಣಿನ ಕಂಠ ಒದಗಿತು. ಅವರ ಕಂಠ ಥೇಟು ಗಂಡಿನದೆಂದು ಹೊಗಳುವುದು ಅಸಂಬದ್ಧವೆಂದು ಯಾರಿಗಾದರೂ ಕೂಡಲೇ ಹೊಳೆಯುತ್ತದೆ. ಸ್ತ್ರೀವೇಷದ ವಿಷಯದಲ್ಲಿ ಮಾತ್ರ ಅದೇಕೆ ಹೊಳೆಯಲಿಲ್ಲವೋ!

ಹೆಂಗಸರೇ ಈಗ ವೇಷ ಕಟ್ಟುತ್ತಿರುವಾಗ ಗಂಡಸಿನ ಸ್ತ್ರೀವೇಷವೇಕೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುತ್ತಾರೆ, ಕೇಳಬೇಕಾದುದೇ. ಸಾದೃಶ್ಯವೇ ಗುಣವಾದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಕಟ್ಟುವಿಕೆ ಗುಣವಾದರೆ ಪ್ರಶ್ನೆಯ ರೂಪವೇ ಬೇರೆಯಾಗುತ್ತದೆ: ಹೆಂಗಸೂ ಆ ಶಿಸ್ತನ್ನು ಗಂಡಸಿನಂತೆಯೇ ಮೊದಲಿನಿಂದ ಕಲಿಯಬೇಕು, ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಆಕೆಗೆ ರಿಯಾಯಿತಿ ಇಲ್ಲ.

ಆ ಶಿಸ್ತಿನ ಮೊದಲ ಪಾಠಶಾಲೆ ಪೂರ್ವರಂಗ. ಬಾಲಗೋಪಾಲರು ಕುಣಿದು ಹೋದ ಬಳಿಕ ಅರ್ಧನಾರೀಶ್ವರ, ಮುಖ್ಯ ಸ್ತ್ರೀವೇಷಗಳು ಬರುತ್ತಿದ್ದವು. ಕಥೆಯಿಲ್ಲ, ಮಾತಿಲ್ಲ, ಪಾತ್ರಕ್ಕೆ ಹೆಸರೂ ಇಲ್ಲ. ತಾಳಕ್ಕೆ ತಕ್ಕ ಹೆಜ್ಜೆ, ಸೆರಗು ಹಿಡಿದ ಕೈ, ಅಷ್ಟೆ. ಬೆರಳೆಣಿಕೆಯ ಪ್ರೇಕ್ಷಕರ ಮುಂದೆ ಹದಿಹರೆಯದ ಹುಡುಗನೊಬ್ಬನು ಸೀರೆಯುಟ್ಟು ಹೆಣ್ಣನ್ನು ಕಟ್ಟಲು ಕಲಿಯುತ್ತಿದ್ದುದು ಅಲ್ಲಿ. ಕಾಲಮಿತಿಯ ಪ್ರದರ್ಶನಗಳು ಬಂದಾಗ ಕತ್ತರಿ ಮೊದಲು ಬಿದ್ದದ್ದೂ ಈ ಭಾಗದ ಮೇಲೆಯೇ.