ಬಾಲವಿರುವ ಹುಡುಗರು

ಮಕ್ಕಳ ಕಥೆ ಬರೆಯುವುದು ಬಲು ಸುಲಭ ಎಂದು ನಂಬಿರುವವರು ನಮ್ಮಲ್ಲಿ ಬಹಳ ಮಂದಿ. ಅದರಲ್ಲೂ ಪ್ರಾಣಿಯೊಂದನ್ನು ನಾಯಕನನ್ನಾಗಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ. ಒಂದು ನಾಯಿ, ಅದಕ್ಕೊಂದು ಗತ್ತಿನ ಹೆಸರು, ಊರಾಚೆ ಒಂದು ಕಾಡು, ಕಾಡಿನಲ್ಲೊಬ್ಬ ಕಳ್ಳ. ನಾಯಿ ಕಳ್ಳನನ್ನು ಹಿಡಿಯುತ್ತದೆ, ಪೊಲೀಸರು ಬಂದು ಬೆನ್ನು ತಟ್ಟುತ್ತಾರೆ, ಊರವರು ಹಾರ ಹಾಕುತ್ತಾರೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ನೀತಿ: ಧೈರ್ಯವಿದ್ದರೆ ಎಲ್ಲವೂ ಸಾಧ್ಯ. ಒಗ್ಗರಣೆ ಹಾಕಿ ಇಳಿಸಿದರೆ ಅಡಿಗೆ ಆಯಿತು!

ಮೂವತ್ತು ವರ್ಷದ ಹತ್ತಿರ ಕನ್ನಡ ಪಾಠ ಹೇಳಿಕೊಂಡು ಬಂದಿರುವ ನನಗೆ ಇಂಥ ಕಥೆಗಳ ಪರಿಚಯ ಬೇಕಾದಷ್ಟಿದೆ. ಗೋಡೆ ಪತ್ರಿಕೆಗೆಂದು ಮಕ್ಕಳು ಬರೆದುಕೊಟ್ಟವು, ಕಥಾಸ್ಪರ್ಧೆಗೆ ಬಂದವು, ದೊಡ್ಡವರು ಅಚ್ಚು ಹಾಕಿಸಿ ಶಾಲೆಯ ಪುಸ್ತಕದ ಬೀರುವಿಗೆ ತಂದುಕೊಟ್ಟವು, ಎಲ್ಲವನ್ನೂ ಓದಿದ್ದೇನೆ. ಓದಿದಾಗಲೆಲ್ಲ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡುತ್ತೇನೆ. ನಾಯಿಯ ಹೆಸರನ್ನು ಹೊಡೆದುಹಾಕಿ ಅಲ್ಲಿ ರವಿ ಎಂದೋ ಕಿಟ್ಟಿ ಎಂದೋ ಬರೆಯುವುದು. ಹತ್ತರಲ್ಲಿ ಒಂಬತ್ತು ಕಥೆಗಳಲ್ಲಿ ಬೇರೆ ಒಂದು ಪದವನ್ನೂ ತಿದ್ದಬೇಕಾಗುವುದಿಲ್ಲ. ಅಂದಮೇಲೆ ಅಲ್ಲಿದ್ದದ್ದು ನಾಯಿಯಲ್ಲ. ಬಾಲವಿರುವ ಹುಡುಗ.

“ಅದರಲ್ಲೇನು ತಪ್ಪು? ಪಂಚತಂತ್ರದ ನರಿ ಮಾತಾಡಲಿಲ್ಲವೆ?” ಎಂದು ನೀವು ಕೇಳಬಹುದು. ಮಾತಾಡಿತು. ಹನ್ನೊಂದನೆಯ ಶತಮಾನದಲ್ಲೇ ದುರ್ಗಸಿಂಹ ಅದನ್ನು ಕನ್ನಡದಲ್ಲಿ ಮಾತಾಡಿಸಿದ. ಆದರೆ ಅದು ರಾಜನೀತಿಯನ್ನು ಕಲಿಸಲು ಹೊರಟ ಗ್ರಂಥ. ಅಲ್ಲಿ ನರಿ, ಎತ್ತು, ಸಿಂಹ ಎಲ್ಲವೂ ಮನುಷ್ಯರು ತೊಟ್ಟ ಮುಖವಾಡಗಳು, ಮತ್ತು ಆ ಗ್ರಂಥ ಅದನ್ನು ಮುಚ್ಚಿಡುವುದೂ ಇಲ್ಲ. ಸಾಹಸದ ಕಥೆಯ ದಾರಿ ಬೇರೆ. ಸಾಹಸವೆಂದರೆ ಮೈಗೆ ಒದಗುವ ಅಪಾಯ. ಹಸಿವು, ಚಳಿ, ಗಾಯ, ಕತ್ತಲೆ. ಯಾರ ಮೈಗೆ ಎಂಬುದೇ ಅಲ್ಲಿ ಮೊದಲ ಪ್ರಶ್ನೆ. ನಾಯಿಯ ಮೈಗೋ, ನಾಯಿಯ ವೇಷ ಹಾಕಿದ ಕಿಟ್ಟಿಯ ಮೈಗೋ?

ಮಾತಾಡಿಸುವುದೇ ದೋಷವೆಂದು ನಾನು ಹೇಳುತ್ತಿಲ್ಲ. ನಮ್ಮ ಪುಣ್ಯಕೋಟಿಯೂ ಮಾತಾಡುತ್ತಾಳೆ. ಆದರೆ ಅವಳ ಸಂಕಟ ಯಾವುದು? ಕೊಟ್ಟಿಗೆಯಲ್ಲಿ ಹಸಿದ ಕರುವಿದೆ, ಹಾಲೂಡಿಸಬೇಕು. ಇದು ಹಸುವಿನ ಸಂಕಟವೇ. ಅವಳು ಆಡುವ ಮಾತು ಮನುಷ್ಯರದಾದರೂ ಕೆಚ್ಚಲು ಹಸುವಿನದು. ಅದಕ್ಕೇ ‘ಗೋವಿನ ಹಾಡು’ ಕೇಳಿದ ಮಗು ಸತ್ಯದ ಬಗ್ಗೆ ಯೋಚಿಸುವುದಕ್ಕೆ ಮುಂಚೆಯೇ ಕರುವಿನ ಬಗ್ಗೆ ಯೋಚಿಸಿ ಕಣ್ಣೀರು ಹಾಕುತ್ತದೆ.

ಇಂಗ್ಲೆಂಡಿನ ಆನಾ ಸೀವೆಲ್ ಬರೆದ ‘ಬ್ಲ್ಯಾಕ್ ಬ್ಯೂಟಿ’ ಎಂಬ ಕುದುರೆಯ ಕಥೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. 1877ರಲ್ಲಿ ಪ್ರಕಟವಾಯಿತು. ಮರುವರ್ಷವೇ ಆಕೆ ತೀರಿಕೊಂಡಳು. ಆಕೆ ಬರೆದದ್ದು ಅದೊಂದೇ ಕಾದಂಬರಿ. ಹದಿನಾಲ್ಕರ ಪ್ರಾಯದಲ್ಲಿ ಬಿದ್ದು ಕಾಲು ನೋಯಿಸಿಕೊಂಡವಳು, ಆಮೇಲೆ ಜೀವಮಾನವೆಲ್ಲ ಎಲ್ಲಿಗೆ ಹೋಗಬೇಕಾದರೂ ಕುದುರೆ ಗಾಡಿಯನ್ನೇ ನಂಬಿದ್ದವಳು. ಕುದುರೆಯನ್ನು ಆಕೆ ಎಷ್ಟು ಬಲ್ಲಳು ಎಂಬುದಕ್ಕೆ ಒಂದು ಪ್ರಸಂಗ ಸಾಕು. ಬಿರುಗಾಳಿಯ ರಾತ್ರಿ, ಹೊಳೆ ತುಂಬಿದೆ. ಯಜಮಾನನೂ ಗಾಡಿ ಹೊಡೆಯುವವನೂ ಮನೆಗೆ ಮರಳುತ್ತಿದ್ದಾರೆ. ಸೇತುವೆಯ ಮೇಲೆ ಕಾಲಿಟ್ಟೊಡನೆ ಕುದುರೆ ನಿಂತುಬಿಡುತ್ತದೆ. ಚಾವಟಿ ತಾಕಿಸಿದರೂ ಇಲ್ಲ, ಇಳಿದು ಹಿಡಿದೆಳೆದರೂ ಇಲ್ಲ. ಅಷ್ಟರಲ್ಲಿ ಆಚೆ ದಡದಿಂದ ಸುಂಕದ ಕಟ್ಟೆಯವನು ಕೂಗುತ್ತಾನೆ, ಸೇತುವೆ ನಡುವೆ ಮುರಿದುಹೋಗಿದೆ ಎಂದು.

ಈ ಸಾಹಸದಲ್ಲಿ ಕುದುರೆ ಮಾಡಿದ್ದೇನು? ಏನೂ ಮಾಡಲಿಲ್ಲ, ಬರೀ ನಿಂತಿತು. ಕಣ್ಣಿಗೆ ಕಾಣದ್ದು ಗೊರಸಿಗೆ ತಿಳಿಯಿತು, ಅಷ್ಟೆ. ಇಲ್ಲಿ ಕುದುರೆಯ ಬದಲು ಕಿಟ್ಟಿಯನ್ನು ನಿಲ್ಲಿಸಿ ನೋಡಿ, ಕಥೆಯೇ ಬಿದ್ದುಹೋಗುತ್ತದೆ. ಇನ್ನೊಂದು ಕಡೆ ಲಾಯಕ್ಕೆ ಬೆಂಕಿ ಬಿದ್ದಾಗ, ಬಿಡಿಸಲು ಓಡಿಬಂದವನ ಗಾಬರಿಯನ್ನು ಕಂಡೇ ಕುದುರೆಗಳು ಹೊರಗೆ ಬರಲು ಒಲ್ಲೆನೆನ್ನುತ್ತವೆ. ಪರಿಚಿತ ಹುಡುಗನೊಬ್ಬ ಬಂದು, ಮೆಲ್ಲನೆ ಮಾತಾಡಿಸಿ, ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆಯೇ ಬ್ಯೂಟಿ ಅವನ ಹಿಂದೆ ಹೆಜ್ಜೆ ಹಾಕುವುದು. ನಮ್ಮ ಊರುಗಳಲ್ಲಿ ಜಟಕಾ ಗಾಡಿಗಳಿದ್ದ ಕಾಲವನ್ನು ಕಂಡವರಿಗೆ ಇದು ಎಷ್ಟು ನಿಜವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಿಪ್ಲಿಂಗ್ ಸಾಹೇಬನ ‘ರಿಕ್ಕಿ ಟಿಕ್ಕಿ ಟಾವಿ’ಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. 1894ರ ‘ಜಂಗಲ್ ಬುಕ್’ನಲ್ಲಿರುವ ಮುಂಗುಸಿಯ ಕಥೆ ಅದು. ಹಾವು ಕಚ್ಚಿದರೆ ಮುಂಗುಸಿ ಓಡಿಹೋಗಿ ಯಾವುದೋ ಬೇರು ತಿಂದು ಬರುತ್ತದೆಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರಲ್ಲ, ಅದು ಸುಳ್ಳು, ಗೆಲ್ಲುವುದು ಕಣ್ಣು ಮತ್ತು ಕಾಲಿನ ಚುರುಕಿನಿಂದ ಮಾತ್ರ ಎಂದು ಕಿಪ್ಲಿಂಗ್ ಕಥೆಯ ನಡುವೆಯೇ ಸ್ಪಷ್ಟಪಡಿಸುತ್ತಾನೆ. ಮುಂಗುಸಿಯ ಮಟ್ಟಿಗೆ ಆತ ಪ್ರಾಮಾಣಿಕ. ಅದು ಕಂಡದ್ದನ್ನೆಲ್ಲ ಮೂಸುತ್ತದೆ, ಎಲ್ಲ ಮೂಲೆಗೂ ನುಗ್ಗುತ್ತದೆ. ಆ ಕುತೂಹಲದಿಂದಲೇ ಕಥೆ ಓಡುತ್ತದೆ.

ಆದರೆ ಹಾವಿನ ವಿಷಯಕ್ಕೆ ಬಂದಾಗ ಈ ಪ್ರಾಮಾಣಿಕತೆ ಎಲ್ಲಿ ಹೋಯಿತು? ಗಂಡು ನಾಗನೂ ಹೆಣ್ಣು ನಾಗಿಣಿಯೂ ಬಂಗಲೆಯ ಮನುಷ್ಯರನ್ನು ಕೊಲ್ಲಲು ಸಿನಿಮಾದ ಖಳನಾಯಕರಂತೆ ಸಂಚು ಹೂಡುತ್ತವೆ. ರಿಕ್ಕಿ ಅವುಗಳ ಮೊಟ್ಟೆಗಳನ್ನು ಒಂದೊಂದಾಗಿ ಒಡೆಯುತ್ತದೆ. ಒಂದು ಸಲ ಈ ಭಾಗ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಮೊಟ್ಟೆಗಳು ಏನು ತಪ್ಪು ಮಾಡಿದ್ವು?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆದು ಬಂದ ಮನೆಯ ಮಗು ಕೇಳಬೇಕಾದ ಪ್ರಶ್ನೆಯೇ ಅದು. ಒಂದು ಪ್ರಾಣಿಯನ್ನು ಪ್ರಾಣಿಯಾಗಿ ಕಂಡು, ಅದರ ವೈರಿಯನ್ನು ಮಾತ್ರ ರಾಕ್ಷಸನನ್ನಾಗಿ ಮಾಡಿದರೆ ಕಥೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಮುಂಗುಸಿಗೆ ಹಾವು ಊಟ, ಹಾವಿಗೆ ತನ್ನ ಮೊಟ್ಟೆ ಪ್ರಾಣ. ಇಷ್ಟನ್ನು ಹೇಳಿದರೂ ಕಾಳಗದ ರೋಮಾಂಚನಕ್ಕೆ ಏನೂ ಕೊರತೆಯಾಗುತ್ತಿರಲಿಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ನಮ್ಮ ದೇಶದವರೇ ಬರೆದ ಒಂದು ಪುಸ್ತಕ. ಧನಗೋಪಾಲ ಮುಖರ್ಜಿಯವರು ಕಲ್ಕತ್ತೆಯ ಕಡೆಯವರು, ಹರೆಯದಲ್ಲೇ ಅಮೆರಿಕಕ್ಕೆ ಹೋದವರು. 1927ರಲ್ಲಿ ಅವರು ಚಿತ್ರಗ್ರೀವನೆಂಬ ಪಾರಿವಾಳದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದರು. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. ಕಲ್ಕತ್ತೆಯ ಹುಡುಗನೊಬ್ಬ ಸಾಕಿದ ಈ ಪಾರಿವಾಳ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ನಮ್ಮ ಭಾರತೀಯ ಸೈನಿಕರ ಸಂದೇಶ ಹೊತ್ತು ಹಾರುತ್ತದೆ. ಗುಂಡಿನ ಮಳೆಯಲ್ಲಿ ಗಾಯಗೊಳ್ಳುತ್ತದೆ. ನಮ್ಮ ಲೇಖಕರಾಗಿದ್ದರೆ ಅಲ್ಲಿಗೆ ಒಂದು ಪದಕ ಕಟ್ಟಿ ಕಥೆ ಮುಗಿಸುತ್ತಿದ್ದರು. ಮುಖರ್ಜಿಯವರ ಕಥೆ ಅಲ್ಲಿಂದ ಗಟ್ಟಿಯಾಗುತ್ತದೆ. ಊರಿಗೆ ಮರಳಿದ ಹಕ್ಕಿ ಹಾರುವುದಿಲ್ಲ. ರೆಕ್ಕೆ ವಾಸಿಯಾಗಿದೆ, ಭಯ ವಾಸಿಯಾಗಿಲ್ಲ. ಅದನ್ನು ಹಿಮಾಲಯದ ಲಾಮಾಗಳ ಮಠಕ್ಕೆ ಒಯ್ಯುತ್ತಾರೆ. ಅಲ್ಲಿನ ಶಾಂತಿಯಲ್ಲಿ ಅದರ ಭಯ ನಿಧಾನವಾಗಿ ಕರಗಿ, ಒಂದು ದಿನ ಮತ್ತೆ ಹಾರುತ್ತದೆ.

ಪರೀಕ್ಷೆಯ ಹೆಸರೆತ್ತಿದರೆ ಅಂಗೈ ಬೆವರುವ ಮಕ್ಕಳನ್ನು ನಾನು ದಿನವೂ ಕಂಡಿದ್ದೇನೆ. ರಾತ್ರಿ ಹಿತ್ತಲಿಗೆ ಹೋಗಲು ಹೆದರುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಇಂಥ ಮಗುವಿಗೆ ಎಂದೂ ಹೆದರದ ನಾಯಿಯ ಕಥೆ ಹೇಳಿದರೆ ಏನು ಪ್ರಯೋಜನ? “ನಿನ್ನಿಂದಾಗದು” ಎಂದು ಇನ್ನೊಬ್ಬರು ಹೇಳಿದಂತಾಯಿತು, ಅಷ್ಟೆ. ಭಯ ಅವಮಾನವಲ್ಲ, ಅದಕ್ಕೂ ಔಷಧಿಯುಂಟು, ಸಮಯ ಬೇಕು ಎಂಬುದನ್ನು ಆ ಪಾರಿವಾಳ ಉಪದೇಶವಿಲ್ಲದೆ ಹೇಳಿಕೊಡುತ್ತದೆ.

ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ‘ಪರಿಸರದ ಕಥೆ’ಯಲ್ಲಿ ಕಿವಿ ಎಂಬ ನಾಯಿಯನ್ನು ತಂದರು. ಅದು 1991ರ ಪುಸ್ತಕ, ಮಕ್ಕಳಿಗಾಗಿಯೇ ಬರೆದದ್ದೂ ಅಲ್ಲ. ಆದರೂ ನಮ್ಮ ಮಕ್ಕಳು ಅದನ್ನು ಮುಗಿಬಿದ್ದು ಓದುತ್ತಾರೆ. ಕಾರಣ ಸರಳ. ಕಿವಿ ನಾಯಿಯಾಗಿಯೇ ಇರುತ್ತದೆ. ಅದರ ಪೇಚಾಟಗಳೂ ಹುರುಪೂ ನಾಯಿಯವೇ.

ಈಗ ನಮ್ಮ ಮುಂದೆಯೇ ಇರುವ ಒಂದು ವಸ್ತುವನ್ನು ತೆಗೆದುಕೊಳ್ಳೋಣ. 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರೆಯಲ್ಲಿ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅರ್ಜುನನನ್ನು ಯಾರು ಮರೆತಾರು? 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ, ಸಲಗವೊಂದರೊಡನೆ ಕಾದಾಡಿ ಅದು ಸತ್ತುಹೋಯಿತು. ಆ ದಿನ ಎಷ್ಟು ಮನೆಗಳಲ್ಲಿ ಮಕ್ಕಳು ಅತ್ತರೋ! ಅರ್ಜುನನ ಮೇಲೆ ಮಕ್ಕಳ ಸಾಹಸಕಥೆ ಬರೆಯಲು ಹೊರಟವರ ಲೇಖನಿ, “ನಾಡಿಗಾಗಿ ಪ್ರಾಣ ಕೊಡುತ್ತೇನೆ” ಎಂದು ಆನೆಯ ಬಾಯಲ್ಲಿ ಹೇಳಿಸಲು ತುದಿಗಾಲಲ್ಲಿ ನಿಂತಿರುತ್ತದೆ. ಹಾಗೆ ಹೇಳಿಸಿದರೆ ಆ ಆನೆಗೆ ಅನ್ಯಾಯ. ಅದಕ್ಕೆ ಗೊತ್ತಿದ್ದದ್ದು ಕಿವಿಯ ಹಿಂದೆ ಒತ್ತುವ ಮಾವುತನ ಕಾಲ್ಬೆರಳು, ಅವನ ಕೂಗು, ಗಾಳಿಯಲ್ಲಿ ಬಂದ ಇನ್ನೊಂದು ಆನೆಯ ವಾಸನೆ. ಇನ್ನೊಂದು ಮಾತೂ ಇದೆ. ಈ ಅರ್ಜುನನೇ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಕಾಡುಮರಿ. ಸೆರೆಯಾಗಿದ್ದ ಆನೆ ಮುಪ್ಪಿನಲ್ಲಿ ಇನ್ನೊಂದನ್ನು ಸೆರೆಹಿಡಿಯಲು ಹೋಗಿ ಮಡಿಯಿತು. ಇದನ್ನು ಇದ್ದ ಹಾಗೆ ಬರೆದರೆ ಮಕ್ಕಳಿಗೆ ಅರ್ಥವಾಗುವುದಿಲ್ಲವೆ? ದೊಡ್ಡವರಿಗಿಂತ ಬೇಗ ಆಗುತ್ತದೆ.

ಇನ್ನೊಂದು ಸಂಗತಿಯನ್ನು ಹೆಂಗಸರಾದ ನಾವು ಗಮನಿಸಬೇಕು. ನಮ್ಮ ಸಾಹಸಕಥೆಗಳ ಪ್ರಾಣಿಗಳೆಲ್ಲ ಬಹುತೇಕ ಗಂಡು! ಟೈಗರ್, ರಾಜ, ಶೇರು. ಹೆಣ್ಣು ಬಂದರೆ ಮರಿಗಳ ಜೊತೆ ಮನೆಯಲ್ಲಿ ಕಾದು ಕುಳಿತಿರುತ್ತದೆ. ಪ್ರಾಣಿಗಳ ಬದುಕನ್ನು ಕಣ್ಣಿಟ್ಟು ನೋಡಿದವರು ಹೀಗೆ ಬರೆಯಲಾರರು.

ಕೆಲವು ವರ್ಷಗಳ ಹಿಂದೆ ಅಂತರಶಾಲಾ ಕಥಾಸ್ಪರ್ಧೆಯೊಂದಕ್ಕೆ ನಾನು ಮೂವರು ತೀರ್ಪುಗಾರರಲ್ಲಿ ಒಬ್ಬಳಾಗಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡೂವರೆ ಪುಟದ ಬೆಕ್ಕಿನ ಕಥೆ ಬರೆದಿದ್ದಳು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರಲ್ಲ, ಅದೇ ವಸ್ತು. ಅಟ್ಟದ ಮೇಲೆ ನಾಲ್ಕು ಮರಿ. ಗಂಡುಬೆಕ್ಕು ಮೂಸಿ ಹೋಗಿದೆ. ಮಳೆ ಸುರಿಯುವ ರಾತ್ರಿ ತಾಯಿಬೆಕ್ಕು ಒಂದೊಂದೇ ಮರಿಯ ಕುತ್ತಿಗೆ ಕಚ್ಚಿಕೊಂಡು, ಜಾರುವ ಹೆಂಚಿನ ಮೇಲೆ, ಪಕ್ಕದ ಮನೆಯ ಸೌದೆ ಕೊಟ್ಟಿಗೆಗೆ ಸಾಗಿಸುತ್ತದೆ. ಮೂರು ತಲುಪಿದವು. ನಾಲ್ಕನೆಯದಕ್ಕಾಗಿ ಮರಳುವಷ್ಟರಲ್ಲಿ ಮನೆಯವರು ಅಟ್ಟದ ಬಾಗಿಲು ಹಾಕಿದ್ದರು. ಬೆಕ್ಕಿಗೆ ಚಿಲಕ ತೆಗೆಯಲು ಬರುವುದಿಲ್ಲ. ಬೆಳಗಾಗುವವರೆಗೂ ಬಾಗಿಲ ಮುಂದೆ ಕೂತು ಕೂಗಿತು. ಬೆಳಗ್ಗೆ ಅಜ್ಜಿ ಬಾಗಿಲು ತೆಗೆದಳು. ಮರಿ ಬದುಕಿತ್ತು. ಅಷ್ಟೇ ಕಥೆ.

ಉಳಿದಿಬ್ಬರಿಗೂ ಕಳ್ಳನನ್ನು ಹಿಡಿದ ನಾಯಿಯ ಕಥೆಗೇ ಬಹುಮಾನ ಕೊಡುವ ಮನಸ್ಸು. “ಬೆಕ್ಕಿನದು ಚೆನ್ನಾಗಿದೆ, ಆದರೆ ನೀತಿ ಎಲ್ಲಿದೆ ಮೇಡಂ?” ಎಂದರು ಒಬ್ಬರು. ಅರ್ಧ ಗಂಟೆ ವಾದಿಸಿದೆ. ಚಿಲಕ ತೆಗೆಯಲಾರದ ಬೆಕ್ಕಿನ ಅಸಹಾಯಕತೆಯೇ ಈ ಕಥೆಯ ಜೀವ, ಇದನ್ನು ಓದಿದ ಮಗು ಇನ್ನು ಮುಂದೆ ಬಾಗಿಲು ಹಾಕುವ ಮೊದಲು ಒಳಗೊಮ್ಮೆ ಇಣುಕುತ್ತದೆ, ಇದಕ್ಕಿಂತ ನೀತಿ ಬೇಕೆ ಎಂದೆ. ಎರಡನೆಯ ಬಹುಮಾನಕ್ಕೆ ರಾಜಿಯಾಯಿತು. ಆ ತೀರ್ಪು ಸರಿಯಲ್ಲವೆಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ.

ನಮ್ಮ ಮಕ್ಕಳಿಗೆ ಮನುಷ್ಯರ ಬಗ್ಗೆ ಹೇಳಲು ಪಠ್ಯಪುಸ್ತಕಗಳಿವೆ, ಟಿ.ವಿ. ಇದೆ, ಕೈಯಲ್ಲಿ ಮೊಬೈಲ್ ಇದೆ. ತನ್ನದಲ್ಲದ ಮೈಯೊಳಗೆ ಹೊಕ್ಕು ಹಸಿವೆ, ಚಳಿಗಳನ್ನು ಅನುಭವಿಸಿ ಬರುವ ಅವಕಾಶ ಸಿಗುವುದು ಇಂಥ ಕಥೆಯಲ್ಲೇ. ಅಲ್ಲೂ ಕಿಟ್ಟಿಯನ್ನೇ ಕೂರಿಸಿದರೆ ಮಗು ಮತ್ತೆ ತನ್ನನ್ನೇ ಕನ್ನಡಿಯಲ್ಲಿ ನೋಡಿಕೊಂಡು ಬರುತ್ತದೆ. ಬೀದಿನಾಯಿಗೆ ಕಲ್ಲೆಸೆಯುವ ಕೈಯನ್ನು ತಡೆಯುವ ಶಕ್ತಿ ಅಂಥ ಕಥೆಗೆ ಬರುವುದಿಲ್ಲ.

ಕಥೆ ಬರೆಯುವವರು ಎಲ್ಲೋ ಇದ್ದಾರೆಂದು ತಿಳಿಯಬೇಡಿ. ರಾತ್ರಿ ದೀಪವಾರಿಸಿದ ಮೇಲೆ “ಅಮ್ಮಾ, ಕಥೆ ಹೇಳು” ಎಂದಾಗ ಹೇಳುವವರು ನೀವೇ. ನಾಳೆ ಹಾಲಿನವನು ಬರುವ ಹೊತ್ತಿಗೆ ನಿಮ್ಮ ಗೇಟಿನ ಬಳಿ ಬರುವ ನಾಯಿಯನ್ನು ಐದು ನಿಮಿಷ ನೋಡಿ. ಮೊದಲು ಯಾವುದನ್ನು ಮೂಸಿತು, ಯಾವ ಸದ್ದಿಗೆ ಕಿವಿ ನಿಮಿರಿತು, ಯಾರನ್ನು ಕಂಡು ಬಾಲ ಮುದುರಿತು, ಗೇಟು ಮುಚ್ಚಿದ್ದರೆ ಎಲ್ಲಿಂದ ನುಸುಳಿತು. ರಾತ್ರಿಯ ಕಥೆಗೆ ಅಷ್ಟು ಸಾಕು. ಕಳ್ಳನ ಅಗತ್ಯವೇ ಬೀಳುವುದಿಲ್ಲ.