ಹಾಕುವ ಮುಂಚೆ ಕೇಳಿ

ಕಂಬಂ ಕಣಿವೆಯಲ್ಲೂ ದಿಂಡಿಗಲ್ ಸುತ್ತಮುತ್ತಲೂ ಕಪ್ಪಿಲಿಯರು, ಅನುಪ್ಪರು ಎಂಬ ಸಮುದಾಯದವರು ಮನೆಯೊಳಗೆ ಕನ್ನಡ ಆಡುತ್ತಾರೆ, ಓದು-ಬರಹ ತಮಿಳಿನಲ್ಲಿ. 2011ರಲ್ಲಿ ಶುರುವಾದ ತಮಿಳುನಾಡು ಸರ್ಕಾರದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಈ ಭಾಗದ ಮಕ್ಕಳಿಗೂ ಯಂತ್ರ ಸಿಕ್ಕಿತು. ಅದರಲ್ಲಿ ವಿಂಡೋಸ್ ಪಕ್ಕದಲ್ಲೇ ಬಾಸ್ ಲಿನಕ್ಸ್ ಇತ್ತು, ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ಕಟ್ಟಿದ್ದು. ಅಂಥ ಮನೆಯ ಹುಡುಗಿಯೊಬ್ಬಳು ಅಜ್ಜಿಯ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆದಿಡಲು ಕೂತರೆ ಬೇಕಾಗುವುದು ಫಾಂಟು, ಕೀಲಿಮಣೆ. ಎರಡೂ ಡೆಬಿಯನ್ ಉಗ್ರಾಣದಲ್ಲಿ ಕಾಸಿಲ್ಲದೆ ಸಿಗುತ್ತವೆ.

ಅವನ್ನು ತರಲು ಟರ್ಮಿನಲ್ ತೆರೆದು ಸೀದಾ ‘ಆಪ್ಟ್ ಇನ್‌ಸ್ಟಾಲ್’ ಹೊಡೆಯುವವರೇ ಹೆಚ್ಚು. ಟರ್ಮಿನಲ್ಲಿನ ಸೊಗಸೆಲ್ಲ ಅದಕ್ಕೂ ಮುಂಚೆ ಕೇಳುವ ಪ್ರಶ್ನೆಗಳಲ್ಲಿದೆ ಎಂಬುದು ನನ್ನ ಗಟ್ಟಿ ನಂಬಿಕೆ. (ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇನೆ; ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ.) ‘ಆಪ್ಟ್ ಶೋ ಫಾಂಟ್ಸ್-ಕೆಎನ್‌ಡಿಎ’ ಎಂದು ಕೇಳಿ ನೋಡಿ. ಆ ಪ್ಯಾಕೇಜಿನೊಳಗೆ ಒಂದು ಅಕ್ಷರವೂ ಇಲ್ಲ, ಗುಬ್ಬಿ, ನವಿಲು, ಲೋಹಿತ್ ಫಾಂಟುಗಳನ್ನು ಕರೆತರುವುದಷ್ಟೇ ಅದರ ಕೆಲಸ ಎಂದು ತಿಳಿಯುತ್ತದೆ. ಇದು ಗೊತ್ತಿಲ್ಲದೆ ಮುಂದೆಂದೋ ಅದನ್ನು ತೆಗೆದು ‘ಆಪ್ಟ್ ಆಟೋರಿಮೂವ್’ ಓಡಿಸಿದರೆ ಫಾಂಟುಗಳೂ ಗುಡಿಸಿಹೋಗಬಹುದು. ತಾನಾಗಿ ಬಂದವು, ಈಗ ಕೇಳುವವರಿಲ್ಲ ಎಂಬುದು ಆಪ್ಟ್ ಲೆಕ್ಕ. ‘ಆಪ್ಟ್-ಮಾರ್ಕ್ ಮ್ಯಾನುಯಲ್ ಫಾಂಟ್ಸ್-ಗುಬ್ಬಿ’ ಎಂದು ಒಮ್ಮೆ ಹೇಳಿಟ್ಟರೆ ಗುಬ್ಬಿ ಉಳಿಯುತ್ತದೆ.

ಕೀಲಿಮಣೆಗೆ ‘ಐಬಸ್-ಎಂ17ಎನ್’. ಕನ್ನಡದ ಕಗಪ ಕೀಲಿ ವಿನ್ಯಾಸ ಬಂತೇ ಎಂದು ಖಾತ್ರಿ ಬೇಕಾದರೆ ‘ಡಿಪಿಕೆಜಿ’ ಆಜ್ಞೆಗೆ ದೊಡ್ಡಕ್ಷರದ ಎಲ್ ಕೊಟ್ಟು ‘ಎಂ17ಎನ್-ಡಿಬಿ’ಯ ಫೈಲುಗಳ ಪಟ್ಟಿ ತೆಗೆಯಿರಿ, ‘ಕೆಎನ್-ಕೆಜಿಪಿ’ ಕಣ್ಣಿಗೆ ಬೀಳುತ್ತದೆ. ದೊಡ್ಡಕ್ಷರದ ಎಸ್ ಕೊಟ್ಟರೆ ಉಲ್ಟಾ: ಫೈಲು ಹೇಳಿದರೆ ಅದರ ಪ್ಯಾಕೇಜ್ ಯಾವುದೆಂದು ಹೇಳುತ್ತದೆ.

ಬಾಸ್ ಹಳೆಯದಾಯಿತೆಂದು ಅದರ ಸೋರ್ಸಸ್ ಪಟ್ಟಿಗೆ ಹೊಸ ಡೆಬಿಯನ್ನಿನ ವಿಳಾಸ ಸೇರಿಸಬೇಡಿ. ‘ಆಪ್ಟ್-ಕ್ಯಾಶ್ ಪಾಲಿಸಿ’ ಕೇಳಿದರೆ ಕಾರಣ ಕಾಣುತ್ತದೆ. ಎರಡು ಉಗ್ರಾಣಗಳಿಗೂ ಸಾಮಾನ್ಯವಾಗಿ 500ರ ಆದ್ಯತೆ. ಆದ್ಯತೆ ಸಮವಾದಾಗ ಹೊಸ ಆವೃತ್ತಿಯೇ ಗೆಲ್ಲುತ್ತದೆ. ಒಂದು ಫಾಂಟಿಗೆಂದು ಹೋದವರು ಮುಂದಿನ ಅಪ್‌ಗ್ರೇಡಿನಲ್ಲಿ ಸಿ ಲೈಬ್ರರಿಯನ್ನೇ ಬದಲಿಸಿಕೊಂಡು ಕೂತಿರುತ್ತಾರೆ. ಫಾಂಟಿನ ಡೆಬ್ ಫೈಲೊಂದನ್ನೇ ತಂದು ‘ಡಿಪಿಕೆಜಿ’ಯಿಂದ ಹಾಕಿಕೊಳ್ಳುವುದು ಎಷ್ಟೋ ಮೇಲು. ಯಾವ ಬದಲಾವಣೆಗೂ ಮುಂಚೆ ‘ಆಪ್ಟ್-ಗೆಟ್’ ಜೊತೆ ಸಣ್ಣಕ್ಷರದ ಎಸ್ ಕೊಟ್ಟು ತಾಲೀಮು ಮಾಡಿಸಿ. ಏನೂ ಬದಲಾಗುವುದಿಲ್ಲ, ಆಗಲಿರುವುದೆಲ್ಲ ತೆರೆಯ ಮೇಲೆ ಬರುತ್ತದೆ. ‘ರೆಮ್ವ್’ ಎಂದು ಶುರುವಾಗುವ ಸಾಲುಗಳನ್ನು ಮೊದಲು ಓದಿ, ತೆಗೆದುಹಾಕುವ ಪ್ಯಾಕೇಜುಗಳು ಅವೇ.

ಹೊರಗಿನ ಉಗ್ರಾಣ ಸೇರಿಸಲೇಬೇಕಾಗಿ ಬಂದರೆ ಅದರ ಸಹಿಯ ಕೀಲಿಯ ಬಗ್ಗೆ ಎಚ್ಚರವಿರಲಿ. ‘ಆಪ್ಟ್-ಕೀ ಆ್ಯಡ್’ ಎಂಬ ಹಳೆಯ ದಾರಿಯಲ್ಲಿ ಬಂದ ಕೀಲಿಯನ್ನು ಆಪ್ಟ್ ಎಲ್ಲ ಉಗ್ರಾಣಗಳಿಗೂ ಒಪ್ಪಿಬಿಡುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ದಿಂಡಿಗಲ್ ಬೀಗವನ್ನು ಕುಶಲಕರ್ಮಿಗಳು ಕೈಯಲ್ಲೇ ಮಾಡುತ್ತಾರೆ, ಅದರ ಬೀಗದಕೈ ಅದಕ್ಕೇ ಹೊಂದುವಂತೆ. ಆಪ್ಟ್‌ನಲ್ಲೂ ಅದೇ ಕಟ್ಟುನಿಟ್ಟು ಬೇಕು. ಕೀಲಿಯನ್ನು ‘/ಇಟಿಸಿ/ಆಪ್ಟ್’ ಒಳಗಿನ ಕೀರಿಂಗ್ಸ್ ಫೋಲ್ಡರಿನಲ್ಲಿಟ್ಟು, ಉಗ್ರಾಣದ ಸಾಲಿನಲ್ಲಿ ‘ಸೈನ್ಡ್-ಬೈ’ ಎಂದು ಅದನ್ನೇ ತೋರಿಸಿ. ಆಗ ಆ ಕೀಲಿ ಆ ಉಗ್ರಾಣಕ್ಕೆ ಮಾತ್ರ.

ಮೊಬೈಲ್ ಡೇಟಾದಲ್ಲಿ ನಡೆಸುವವರು ಡೌನ್‌ಲೋಡಿಗೆ ‘ಆಪ್ಟ್-ಗೆಟ್’ ಬಳಸಿ. 2016ರ 1.2ನೇ ಆವೃತ್ತಿಯಿಂದ ‘ಆಪ್ಟ್’ ಕೆಲಸ ಮುಗಿದೊಡನೆ ಡೆಬ್ ಫೈಲುಗಳನ್ನು ಅಳಿಸುತ್ತದೆ. ‘ಆಪ್ಟ್-ಗೆಟ್’ ಇಟ್ಟುಕೊಳ್ಳುತ್ತದೆ, ಪಕ್ಕದ ಮನೆಯ ಯಂತ್ರಕ್ಕೂ ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ‘ಡಿಪಿಕೆಜಿ’ಗೆ ‘ಕಾನ್ಫಿಗರ್’ ಮತ್ತು ಸಣ್ಣಕ್ಷರದ ಎ ಕೊಟ್ಟರೆ ಅರ್ಧಕ್ಕೆ ನಿಂತದ್ದು ಪೂರ್ತಿಯಾಗುತ್ತದೆ.

ಈ ವಾರ ಒಂದು ಕೆಲಸ ಮಾಡಿ. ‘ಆಪ್ಟ್-ಮಾರ್ಕ್ ಶೋಮ್ಯಾನುಯಲ್’ ಓಡಿಸಿ, ಬಂದ ಪಟ್ಟಿಯನ್ನು ಒಂದು ಫೈಲಿಗೆ ಇಳಿಸಿ ಬೇರೆ ಕಡೆ ಇಟ್ಟುಕೊಳ್ಳಿ. ಡಿಸ್ಕ್ ಕೈಕೊಟ್ಟ ದಿನ ಹೊಸದರಲ್ಲಿ ಏನೇನು ಹಾಕಬೇಕೆಂದು ಅದು ಹೇಳುತ್ತದೆ.